ಇನ್ನೊಂದು ಎಡೆ

ಕನ್ನಡದಲ್ಲಿ ‘ವಿಳಾಸ’ ಎಂಬ ಮಾತಿನಷ್ಟು ತಮಾಷೆಯ ಮಾತು ಇನ್ನೊಂದಿರಲಾರದೆಂದು ನನಗೆ ಆಗಾಗ ತೋರುವುದುಂಟು. ಕಾವ್ಯಗಳಲ್ಲಿ ಅದು ಬೆಡಗು, ಲೀಲೆ, ಕಣ್ಣಿಗೆ ಹಬ್ಬವಾಗುವ ನಡೆನುಡಿ. ಅಂಚೆಯವನ ಚೀಲದೊಳಕ್ಕೆ ಬಂದೊಡನೆ ಅದೇ ಮಾತು ಮನೆಯ ನಂಬರು, ಅಡ್ಡರಸ್ತೆ, ಊರು, ಜಿಲ್ಲೆ. ಅದು ಇದಾದದ್ದು ಹೇಗೆಂದು ತರಗತಿಯಲ್ಲಿ ಯಾರಾದರೂ ಕೇಳಿದರೆ, ನಿಘಂಟಿನ ದಾರಿ ಹಿಡಿಯದೆ, “ಇರಲು ಒಂದು ಠಾವಿಲ್ಲದವನಿಗೆ ವಿಲಾಸವೆಲ್ಲಿಂದ ಬರಬೇಕು?” ಎಂದು ಹೇಳಿ ಪಾಠವನ್ನು ಮುಂದಕ್ಕೆ ಸಾಗಿಸುತ್ತೇನೆ. ಹುಡುಗರು ನಗುತ್ತಾರೆ. ಭಾಷಾಶಾಸ್ತ್ರಜ್ಞರು ಒಪ್ಪಲಿಕ್ಕಿಲ್ಲ. ಆದರೆ ಬಾಡಿಗೆಯ ಮನೆ ಹುಡುಕಿ ದಣಿದವರೆಲ್ಲರೂ ಒಪ್ಪುತ್ತಾರೆ.

ನಮ್ಮ ದೇಶದಲ್ಲಿ ಕಾಗದದ ಮೇಲೆ ಆರು ಅಂಕಿಯ ಪಿನ್ ಕೋಡ್ ಬರೆಯುವ ಪದ್ಧತಿ ಬಂದದ್ದು 1972ರ ಆಗಸ್ಟ್ 15ರಂದು. ಒಂದೇ ಹೆಸರಿನ ಊರುಗಳು ಹತ್ತಾರು, ಬರೆಯುವ ಲಿಪಿಗಳು ಹತ್ತಾರು. ಅಂಕಿಯೊಂದೇ ಎಲ್ಲರಿಗೂ ತಿಳಿಯುವ ಭಾಷೆ. ಕರ್ನಾಟಕದ ಊರುಗಳಿಗೆಲ್ಲ 56ರಿಂದ 59ರವರೆಗಿನ ತಲೆಯಂಕಿ. ಈ ಏರ್ಪಾಟನ್ನು ಯೋಚಿಸಿ ಕೊಟ್ಟವರು ಶ್ರೀರಾಮ ಭಿಕಾಜಿ ವೇಲಣಕರ್. ಕೇಂದ್ರ ಸರ್ಕಾರದ ಸಂಪರ್ಕ ಇಲಾಖೆಯ ಅಧಿಕಾರಿಗಳಾಗಿದ್ದ ಅವರು ಸಂಸ್ಕೃತದಲ್ಲಿ ಕವಿತೆ ಬರೆಯುತ್ತಿದ್ದವರು. ವಿಲಾಸವನ್ನು ಬಲ್ಲ ಕವಿಯೇ ದೇಶಕ್ಕೆಲ್ಲ ವಿಳಾಸದ ಅಂಕಿ ಹಂಚಿದನೆಂದರೆ ನನ್ನ ವ್ಯುತ್ಪತ್ತಿಗೂ ಸ್ವಲ್ಪ ಆಧಾರ ಸಿಕ್ಕಿದಂತಾಯಿತಲ್ಲವೆ?

ಇದು ಬೀದಿಯ ಮಾತಾಯಿತು. ಹೊಸಿಲು ದಾಟಿ ಒಳಗೆ ಬಂದರೆ ಅಲ್ಲಿಯೂ ಈಗ ಒಂದು ವಿಳಾಸದ ವ್ಯವಹಾರ ನಡೆದಿರುತ್ತದೆ. ಬಹಳ ಮಂದಿಗೆ ಅದರ ಸದ್ದೇ ಇಲ್ಲ. ನಮ್ಮದು ಮೈಸೂರಿನ ಒಂದು ಸಾಮಾನ್ಯ ಬಾಡಿಗೆ ಮನೆ. ಅಮ್ಮ ಬಂದಿದ್ದಾಗ ಮನುಷ್ಯರು ನಾಲ್ವರು. ಅವರ ಬೆನ್ನಿಗೆ ಫೋನುಗಳು, ನನ್ನದೊಂದು ಮಗನದೊಂದು ಲ್ಯಾಪ್‌ಟಾಪು, ಗೋಡೆಯ ಮೇಲಿನ ಟೀವಿ, ಪ್ರಶ್ನೆಪತ್ರಿಕೆ ಮುದ್ರಿಸುವ ಪ್ರಿಂಟರು, ಪುಸ್ತಕದ ಕಪಾಟಿನ ಹಿಂದೆ ಕುಳಿತಿರುವ ಒಂದು ಪುಟ್ಟ ಸರ್ವರು. ಎಣಿಸಿದರೆ ಒಂಬತ್ತು ಆಗುತ್ತವೆ. ಇವೆಲ್ಲವೂ ವೈಫೈ ಎಂಬ ಕಾಣದ ಪಡಸಾಲೆಯಲ್ಲಿ ಒಂದರೊಡನೊಂದು ಮಾತಾಡಬೇಕು. ಮಾತಾಡಬೇಕಾದರೆ ಒಬ್ಬೊಬ್ಬರಿಗೂ ಒಂದೊಂದು ನಂಬರು ಬೇಕು. ಅದಕ್ಕೆ ಐಪಿ ವಿಳಾಸವೆಂದು ಹೆಸರು.

ಈ ನಂಬರುಗಳ ಕಥೆ ಸ್ವಾರಸ್ಯವಾದದ್ದು. 1981ರಲ್ಲಿ ಇದರ ಲೆಕ್ಕಾಚಾರ ಹಾಕಿದವರು ಒಟ್ಟು 429 ಕೋಟಿ 49 ಲಕ್ಷ 67 ಸಾವಿರದ 296 ವಿಳಾಸಗಳಿಗೆ ಜಾಗ ಮಾಡಿದರು. ಗಣಕಯಂತ್ರವೆಂದರೆ ದೊಡ್ಡ ಸಂಸ್ಥೆಗಳ ಸೊತ್ತಾಗಿದ್ದ ಕಾಲ. ಅಷ್ಟು ಸಾಕೆಂದು ಅವರಿಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಮದುವೆಮನೆಯಲ್ಲಿ ಅಡಿಗೆಯ ಅಂದಾಜು ತಪ್ಪಿದಂತೆ 2011ರ ಫೆಬ್ರವರಿಗೆ ಪ್ರಪಂಚದ ಮೂಲ ಉಗ್ರಾಣದಲ್ಲಿದ್ದ ವಿಳಾಸಗಳೆಲ್ಲ ಹಂಚಿ ಮುಗಿದವು. ಆದರೂ ನಮ್ಮ ಬಾಳು ನಿಲ್ಲಲಿಲ್ಲ. ಏಕೆಂದರೆ 1996ರಲ್ಲಿಯೇ ಜಾಣರು ಒಂದು ಉಪಾಯ ಮಾಡಿದ್ದರು: ಕೆಲವು ನಂಬರುಗಳನ್ನು ಮನೆಯೊಳಗಿನ ಬಳಕೆಗೆಂದೇ ಬಿಟ್ಟುಕೊಟ್ಟರು. ನಮ್ಮ ಮನೆಯ ವಿಳಾಸಗಳು 192.168.1 ಎಂದು ಆರಂಭವಾಗುತ್ತವೆ; ಪಕ್ಕದ ಮನೆಯವೂ ಹಾಗೆಯೇ; ಓದುತ್ತಿರುವ ನಿಮ್ಮ ಮನೆಯವೂ ಹಾಗೆಯೇ ಇದ್ದರೆ ನನಗೇನೂ ಆಶ್ಚರ್ಯವಿಲ್ಲ. ಊರೂರಿನಲ್ಲಿಯೂ ಒಬ್ಬೊಬ್ಬ ‘ಮೇಲಿನಮನೆಯವರು’, ‘ಕೆಳಗಿನಮನೆಯವರು’ ಇರುವುದಿಲ್ಲವೆ? ಆಯಾ ಊರಿನವರಿಗೆ ಗೊಂದಲವಿಲ್ಲ. ಹೊರಗಿನ ಜಗತ್ತಿಗೆ ಮನೆಯವರೆಲ್ಲರ ಪರವಾಗಿ ಮಾತಾಡುವುದು ಬಾಗಿಲಲ್ಲಿ ಕುಳಿತ ರೌಟರೊಂದೇ.

ಸರಿ, ಮನೆಯೊಳಗೆ ಈ ನಂಬರುಗಳನ್ನು ಹಂಚುವವರು ಯಾರು? ಮೊದಮೊದಲು ಮನುಷ್ಯರೇ ಹಂಚುತ್ತಿದ್ದರು. ಯಾವ ಯಂತ್ರಕ್ಕೆ ಯಾವ ನಂಬರೆಂದು ಬರೆದಿಟ್ಟುಕೊಂಡು, ಒಂದೊಂದು ಯಂತ್ರದ ಮುಂದೆಯೂ ಕುಳಿತು ತುಂಬುವುದು. ಯಂತ್ರಗಳು ಹೆಚ್ಚಿದಂತೆಲ್ಲ ಬರೆಹಗಾರನ ಕೈ ಸೋತಿತು. 1985ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಎಂಬಿಬ್ಬರು ‘ಬೂಟ್‌ಪಿ’ ಎಂಬ ಪದ್ಧತಿಯನ್ನು ಬರೆದರು. ತನ್ನದೆಂಬ ಡಿಸ್ಕು ಇಲ್ಲದ ಯಂತ್ರವೊಂದು ಎಚ್ಚೆತ್ತ ಗಳಿಗೆಯಲ್ಲಿ ತಾನು ಯಾರು ಎಂಬುದನ್ನೇ ಅರಿಯದು. ಅದು ಕೇಳಿದಾಗ ಬಲ್ಲವನೊಬ್ಬ ಪಟ್ಟಿ ನೋಡಿ ಹೇಳುವ ಏರ್ಪಾಟು ಅದು. ಆದರೆ ಪಟ್ಟಿಯಲ್ಲಿ ಹೆಸರಿಲ್ಲದವನು ಬಂದರೆ? ಆ ಕೊರತೆಯನ್ನು ತುಂಬಿ 1993ರಲ್ಲಿ ಬಂದದ್ದು ‘ಡಿಎಚ್‌ಸಿಪಿ’. ಈಗಲೂ ಎಲ್ಲರೂ ಹಿಡಿದು ನಡೆಯುವ ಅದರ ನಿಬಂಧನೆ 1997ರ ಮಾರ್ಚಿನದು. ಅದನ್ನು ಬರೆದವರು ರಾಲ್ಫ್ ಡ್ರೋಮ್ಸ್ ಎಂಬ ಅಮೆರಿಕದ ಅಧ್ಯಾಪಕರು. ಅಧ್ಯಾಪಕರಾದುದರಿಂದ ನನಗೆ ಅವರ ಮೇಲೆ ಸ್ವಲ್ಪ ಅಭಿಮಾನ.

ಡಿಎಚ್‌ಸಿಪಿ ಎಂದರೆ ‘ಡೈನಮಿಕ್ ಹೋಸ್ಟ್ ಕಾನ್‌ಫಿಗರೇಷನ್ ಪ್ರೋಟೋಕಾಲ್’. ಇದಕ್ಕೆ ಕನ್ನಡ ಮಾಡಿಕೊಡಬೇಕೆಂದು ನಮ್ಮ ಕಾಲೇಜಿನ ಗಣಕ ವಿಭಾಗದ ತರುಣ ಮಿತ್ರರೊಬ್ಬರು ಕೇಳಿದರು. ‘ಹೋಸ್ಟ್’ ಎಂಬಲ್ಲಿಯೇ ನಾನು ನಿಂತುಬಿಟ್ಟೆ. ಹೋಸ್ಟ್ ಎಂದರೆ ಆತಿಥೇಯ, ಬಂದವರನ್ನು ಕೂರಿಸಿ ಉಪಚರಿಸುವವನು. ಇವರ ಶಾಸ್ತ್ರದಲ್ಲಾದರೋ ಜಾಲದ ಬಾಗಿಲಿಗೆ ಬಂದು “ನನಗೊಂದು ಜಾಗ ಕೊಡಿ” ಎಂದು ನಿಲ್ಲುವ ಯಂತ್ರಕ್ಕೇ ಹೋಸ್ಟೆಂದು ಹೆಸರು! ಲ್ಯಾಟಿನ್ನಿನ ‘ಹಾಸ್ಪೆಸ್’ ಎಂಬ ಮೂಲಪದಕ್ಕೆ ಅತಿಥಿಯೆಂದೂ ಆತಿಥೇಯನೆಂದೂ ಎರಡೂ ಅರ್ಥವಿತ್ತಂತೆ. ನಮ್ಮಲ್ಲಿ ‘ನೆಂಟ’ ಎಂದರೆ ನಾವು ಅವರಿಗೆ, ಅವರು ನಮಗೆ, ಇಬ್ಬರಿಗೂ ಸಲ್ಲುವಂತೆ. ಇನ್ನು ‘ಸರ್ವರ್’ ಎಂಬುದನ್ನು ‘ಸೇವಕ’ ಎಂದು ಅನುವಾದಿಸಿದವರಿದ್ದಾರೆ. ನನಗೆ ಅದು ಒಗ್ಗುವುದಿಲ್ಲ. ಮನೆಯೂಟದ ಪಂಕ್ತಿಯನ್ನು ಕಂಡವರಿಗೆ ಸರ್ವರ್ ಎಂದರೆ ‘ಬಡಿಸುವವನು’. ಬಡಿಸುವವನು ಸೇವಕನಲ್ಲ, ಆ ಹೊತ್ತಿಗೆ ಅವನೇ ಮನೆಯ ಯಜಮಾನ. ಮತ್ತು ಅವನು ಬಡಿಸುವುದಕ್ಕೆ ಮೊದಲು ಮಾಡುವ ಕೆಲಸವೇ ಎಡೆ ತೋರಿಸುವುದು. ಎಡೆಯೆಂದರೆ ಸ್ಥಳವೂ ಹೌದು, ಎಲೆ ಹಾಕಿ ಇಟ್ಟ ಅನ್ನವೂ ಹೌದು. ಐಪಿ ವಿಳಾಸಕ್ಕೆ ‘ಎಡೆ’ ಎಂದರೇನೆಂದು ನಾನು ಸೂಚಿಸಿದೆ. ಮಿತ್ರರು ವಿನಯದಿಂದ, “ಚೆನ್ನಾಗಿದೆ ಸಾರ್, ಆದರೆ ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಕೊಡುವುದಿಲ್ಲ” ಎಂದರು.

ಪಂಕ್ತಿಯ ಹೋಲಿಕೆ ಮಾತ್ರ ಎಲ್ಲಿಯೂ ಹಳಿ ತಪ್ಪುವುದಿಲ್ಲ. ಹೊಸದಾಗಿ ಬಂದ ಫೋನು ತನಗೆ ನಂಬರಿಲ್ಲವಾದುದರಿಂದ ನಾಲ್ಕು ಸೊನ್ನೆಗಳನ್ನು ತನ್ನ ವಿಳಾಸವೆಂದು ಹೇಳಿಕೊಂಡು, ಇಂಥವರೆಂದಿಲ್ಲದೆ ಎಲ್ಲರಿಗೂ ಕೇಳುವಂತೆ ಕೂಗುತ್ತದೆ: “ಇಲ್ಲಿ ಎಡೆ ತೋರಿಸುವವರು ಯಾರಾದರೂ ಇದ್ದೀರಾ?” ಇದು ‘ಡಿಸ್ಕವರ್’. ಕೇಳಿಸಿಕೊಂಡ ಸರ್ವರು, “ಇಗೋ, 104ನೆಯದು ಖಾಲಿ ಇದೆ, ಬೇಕಾದರೆ ಕೂತುಕೊಳ್ಳಿ” ಎನ್ನುತ್ತದೆ. ಇದು ‘ಆಫರ್’. ಇಲ್ಲಿಗೆ ಮುಗಿಯಬಾರದೆ ಎಂದು ನಾನು ಕೇಳಿದ್ದುಂಟು. ಮುಗಿಯುವಂತಿಲ್ಲ, ಪಂಕ್ತಿಯಲ್ಲಿ ಇಬ್ಬರು ಕರೆದಿರಬಹುದು. ಆದುದರಿಂದ ಬಂದವನು ಮತ್ತೊಮ್ಮೆ ಎಲ್ಲರಿಗೂ ಕೇಳುವಂತೆ, “ಅವರು ತೋರಿಸಿದ 104ಕ್ಕೇ ಕೂರುತ್ತೇನೆ” ಎನ್ನಬೇಕು. ಅದನ್ನು ಕೇಳಿ ಉಳಿದವರು ತಾವು ಹಿಡಿದಿಟ್ಟ ಎಡೆಯನ್ನು ಬೇರೆಯವರಿಗೆ ಬಿಡುತ್ತಾರೆ. ಇದು ‘ರಿಕ್ವೆಸ್ಟ್’. ಕೊನೆಗೆ ಯಜಮಾನನ “ಆಗಲಿ” ಎಂಬ ಒಪ್ಪಿಗೆ. ಅದರ ಜೊತೆಗೇ, ಹೊರಗೆ ಹೋಗುವ ಬಾಗಿಲು ಯಾವುದು, ಹೆಸರು ಹೇಳಿದರೆ ನಂಬರು ತಿಳಿಸುವವರು ಯಾರು, ಎಷ್ಟು ಹೊತ್ತು ಇರಬಹುದು, ಎಲ್ಲವನ್ನೂ ಹೇಳಿಬಿಡುತ್ತಾನೆ. ನಾಲ್ಕು ಮಾತು; ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ. ಯಾರೂ ಉತ್ತರ ಕೊಡದಿದ್ದರೆ ಯಂತ್ರ 169.254 ಎಂದು ಆರಂಭವಾಗುವ ನಂಬರೊಂದನ್ನು ತಾನೇ ಇಟ್ಟುಕೊಂಡು ಕೂರುವುದುಂಟು. ಕೊನೆಯ ಬಸ್ಸು ತಪ್ಪಿದವನು ನಿಲ್ದಾಣದ ಕಟ್ಟೆಯ ಮೇಲೆ ಪಂಚೆ ಹಾಸಿಕೊಂಡಂತೆ. ಅಲ್ಲಿಂದ ಎಲ್ಲಿಗೂ ದಾರಿಯಿಲ್ಲ.

“ಎಷ್ಟು ಹೊತ್ತು ಇರಬಹುದು” ಎಂದೆನಲ್ಲ, ಅದಕ್ಕೆ ಅವರಿಟ್ಟಿರುವ ಹೆಸರು ‘ಲೀಸ್’. “ಅಪ್ಪ, ಲೀಸಿಗೆ ಕನ್ನಡದಲ್ಲಿ ಏನು?” ಎಂದು ಮಗ ಕೇಳಿದ. ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಒಳಗಿನಿಂದ ಅಮ್ಮ, “ಗೇಣಿ” ಎಂದಳು.

ಅಮ್ಮನಿಗೆ ಆ ಮಾತು ನಿಘಂಟಿನದಲ್ಲ. ನಮ್ಮದು ಸಾಗರದ ಕಡೆಯ ಹಳ್ಳಿ. ತಾತ ಗೇಣಿಯ ಒಕ್ಕಲು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಅಳತೆಯ ಮೇಲೆ ಅದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತರು ಸತ್ಯಾಗ್ರಹಕ್ಕೆ ನಿಂತದ್ದು ಈಗ ಚರಿತ್ರೆಯ ಪುಸ್ತಕದಲ್ಲಿದೆ. ಉತ್ತು ಬಿತ್ತಿದ ನೆಲ ಮುಂದಿನ ವರ್ಷ ತನ್ನ ಕೈಯಲ್ಲಿ ಉಳಿದೀತೇ ಎಂಬ ಅಳುಕು ತಾತನನ್ನು ಬಿಡಲಿಲ್ಲವಂತೆ. 1974ರ ಮಾರ್ಚ್ 1ರಂದು ಹೊಸ ಭೂಸುಧಾರಣೆಯ ಕಾನೂನು ಜಾರಿಗೆ ಬಂದಾಗ ಅಮ್ಮ ಆ ಮನೆಗೆ ಸೊಸೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಹಕ್ಕಿನ ಕಾಗದ ಕೈಗೆ ಬಂದ ದಿನ ತಾತ ಅದನ್ನು ಓದಿಸಿಕೊಳ್ಳಲಿಲ್ಲವಂತೆ. ದೇವರ ಮುಂದಿಟ್ಟು, ಗದ್ದೆಯ ಬದುವಿನ ಮೇಲೆ ಕತ್ತಲಾಗುವವರೆಗೆ ಕುಳಿತಿದ್ದನಂತೆ. ಯಂತ್ರಗಳ ಗೇಣಿಯಲ್ಲಿ ಈ ಅಳುಕಿಲ್ಲವೆಂದು ಹೇಳಲು ನಾನು ಪ್ರಯತ್ನಿಸಿದೆ. ಹನ್ನೆರಡು ಗಂಟೆಯ ಅವಧಿ ಕೊಟ್ಟಿದ್ದರೆ ಆರು ಗಂಟೆಗೆ, ಎಂದರೆ ಅರ್ಧಕ್ಕೇ, ಗೇಣಿದಾರ ಬಂದು “ಇನ್ನೂ ಇರಲೆ?” ಎಂದು ಕೇಳುತ್ತಾನೆ, ಒಡೆಯ “ಇರು” ಎಂದರೆ ಹೊಸದಾಗಿ ಹನ್ನೆರಡು ಗಂಟೆ. ಒಡೆಯನ ದನಿ ಕೇಳಿಸದಿದ್ದರೆ ಎಂಟರಲ್ಲಿ ಏಳು ಪಾಲು, ಎಂದರೆ ಹತ್ತೂವರೆ ಗಂಟೆ ಕಳೆದ ಮೇಲೆ, ಬೇರೆ ಯಾರಾದರೂ ಒಡೆಯರಿದ್ದಾರೆಯೇ ಎಂದು ಕೂಗುತ್ತಾನೆ. ಇರುವಷ್ಟು ಕಾಲ ಇದ್ದು, ಬಿಟ್ಟು ಹೋದರೆ ಜಾಗ ಇನ್ನೊಬ್ಬರಿಗೆ. ಅಮ್ಮ ಕೇಳಿದಳು: “ಅರ್ಧಕ್ಕೇ ಕೇಳಬೇಕೇನೋ? ಪ್ರತಿಸಲವೂ?”

“ಹೌದಮ್ಮ, ಪ್ರತಿಸಲವೂ.”

“ಪಾಪ” ಎಂದಳು.

ಈ ವಿದ್ಯೆಯೆಲ್ಲ ಕನ್ನಡದ ಮೇಷ್ಟರಿಗೆ ಏಕೆ ಬೇಕಾಯಿತೆಂದು ವಾಚಕರು ಕೇಳಬಹುದು. ನಮ್ಮ ತಂದೆ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು. ಮಳೆಗಾಲದ ಸಂಜೆಗಳಲ್ಲಿ ಮನೆಯ ಜಗಲಿಯ ಮೇಲೆ ಕುಮಾರವ್ಯಾಸ ಭಾರತವನ್ನು ವಾಚನ ಮಾಡುತ್ತಿದ್ದರು. ಊರಿನವರೊಬ್ಬರು ಎಂಬತ್ತರ ದಶಕದಲ್ಲಿ ಒಂದು ಟೇಪ್ ರೆಕಾರ್ಡರನ್ನು ತಂದು ಎದುರಿಗಿಟ್ಟದ್ದರಿಂದ ಮೂವತ್ತೊಂದು ಕ್ಯಾಸೆಟ್ಟುಗಳಲ್ಲಿ ಅವರ ದನಿ ಉಳಿದಿದೆ. ವಾಚನದ ನಡುವೆ ಹೆಂಚಿನ ಮೇಲೆ ಮಳೆ ಸುರಿಯುವುದು, ಯಾರೋ ಕೆಮ್ಮುವುದು, “ದೀಪ ಸ್ವಲ್ಪ ಹತ್ತಿರ ತಾ” ಎಂದು ತಂದೆ ಅಮ್ಮನಿಗೆ ಹೇಳುವುದು, ಎಲ್ಲವೂ ಅದರಲ್ಲಿವೆ. ಅವರು 2019ರಲ್ಲಿ ತೀರಿಕೊಂಡರು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುವುದಕ್ಕೆ ಮೊದಲು ನಾನೂ ಮಗನೂ ಕೂಡಿ ಅವನ್ನು ಗಣಕಕ್ಕೆ ಇಳಿಸಿದೆವು. ಕಪಾಟಿನ ಹಿಂದಿರುವ ಆ ಸರ್ವರಿನ ಹೊಟ್ಟೆಯಲ್ಲಿರುವುದು ಅದೇ. ಅದು ರಾಸ್ಪ್‌ಬೆರಿ ಪೈ ಎಂಬ, ಇಸ್ಪೀಟಿನ ಕಟ್ಟಿನಷ್ಟು ದೊಡ್ಡ ಯಂತ್ರ. ಬ್ರಿಟನ್ನಿನಲ್ಲಿ 2012ರಲ್ಲಿ ಶಾಲೆಯ ಮಕ್ಕಳ ಕಲಿಕೆಗೆಂದು ಹುಟ್ಟಿದ್ದು. ಅಮ್ಮನಿಗೆ ಮಗ ತನ್ನ ಹಳೆಯ ಫೋನನ್ನು ಕೊಟ್ಟು, ಅದರ ಮುಖದ ಮೇಲೆ ಒಂದೇ ಒಂದು ಚಿತ್ರ ಇಟ್ಟಿದ್ದಾನೆ. ಮುಟ್ಟಿದರೆ ಸಾಕು, ಅಜ್ಜನ ದನಿ. ದಿನವೂ ಮಧ್ಯಾಹ್ನ ನಾಲ್ಕು ಗಂಟೆಗೆ ಕಾಫಿಯಾದ ಮೇಲೆ ಅವಳು ಒಂದು ಸಂಧಿ ಕೇಳುತ್ತಾಳೆ.

ಆ ಚಿತ್ರದ ಹಿಂದೆ ಇರುವುದು ಸರ್ವರಿನ ವಿಳಾಸ, ಒಂದು ನಂಬರು. ಇಂಟರ್‌ನೆಟ್ ಕೊಡುವ ಕಂಪೆನಿಯವರು ಬಾಗಿಲಲ್ಲಿ ಕೂರಿಸಿಹೋದ ರೌಟರೇ ಆಗ ಎಲ್ಲರಿಗೂ ಎಡೆ ಹಾಕುತ್ತಿತ್ತು. ವಿದ್ಯುತ್ತು ಹೋಗಿ ಬಂದರೆ ಅದಕ್ಕೆ ಹಿಂದಿನದೆಲ್ಲ ಮರೆವು. ಎದ್ದವರು ಎದ್ದಂತೆ ಹೊಸ ನಂಬರು. ನಿನ್ನೆ ಸರ್ವರಿಗಿದ್ದ ನಂಬರು ಇಂದು ಟೀವಿಗೆ. ಸರ್ವರಿಗೆ ಕೈಯಾರೆ ಒಂದು ನಂಬರನ್ನು ಕಟ್ಟಿಟ್ಟರೂ ಸುಖವಿಲ್ಲ: ರೌಟರು ಅದೇ ನಂಬರನ್ನು ನೆಂಟರ ಫೋನಿಗೂ ಕೊಟ್ಟುಬಿಡಬಹುದು, ಒಂದೇ ಎಲೆಗೆ ಇಬ್ಬರು ಕುಳಿತರೆ ಇಬ್ಬರಿಗೂ ಊಟವಿಲ್ಲ. ಇಂಥವರಿಗೆ ಇಂಥದೆಂದು ಕಾದಿರಿಸುವ ಸೌಕರ್ಯವನ್ನು ಕಂಪೆನಿಯವರು ಆ ಪೆಟ್ಟಿಗೆಯಲ್ಲಿ ನಮಗೆ ಬಿಟ್ಟಿರಲಿಲ್ಲ. ಬಿಟ್ಟಿದ್ದುದು ಒಂದೇ ಗುಂಡಿ: ವಿಳಾಸ ಹಂಚು, ಅಥವಾ ಹಂಚಬೇಡ. ಮಳೆಗಾಲ ಬಂತು, ದೀಪ ಹೋಗುವುದು ಹೆಚ್ಚಾಯಿತು. ಸಂಜೆ ಕಾಲೇಜಿನಿಂದ ಬಂದರೆ ಅಮ್ಮ ದೂರೇನೂ ಹೇಳುತ್ತಿರಲಿಲ್ಲ. “ಇವತ್ತು ನಿಮ್ಮಪ್ಪ ಬಾಯಿ ಬಿಡಲಿಲ್ಲ ಕಣೋ” ಎನ್ನುತ್ತಿದ್ದಳು, ಅಷ್ಟೆ. ಅದನ್ನು ಮೂರು ಸಲ ಕೇಳಿದ ಮೇಲೆ ಎಡೆ ಹಾಕುವ ಕೆಲಸವನ್ನು ನಾವೇ ವಹಿಸಿಕೊಳ್ಳುವುದೆಂದು ತೀರ್ಮಾನಿಸಿದೆವು.

ಗಣಕ ವಿಭಾಗದ ಮಿತ್ರರು ಒಂದು ಭಾನುವಾರ ಬಂದರು. ಕ್ರಮ ಹೀಗೆ. ಮೊದಲನೆಯದಾಗಿ, ಬಡಿಸುವವನ ಎಡೆ ಗೊತ್ತಾಗಿರಬೇಕು. ಎಲ್ಲರಿಗೂ ವಿಳಾಸ ಕೊಡಬೇಕಾದ ಸರ್ವರು ತನ್ನ ವಿಳಾಸಕ್ಕಾಗಿ ತಾನೇ ಕಾದು ಕುಳಿತರೆ ಉಪವಾಸವೇ ಗತಿ. ಆದುದರಿಂದ ಅದಕ್ಕೆ 192.168.1.2 ಎಂದು ಕೈಯಾರೆ ಬರೆದಿಟ್ಟೆವು. ಎರಡನೆಯದಾಗಿ, ‘ಡಿಎನ್‌ಎಸ್‌ಮಾಸ್ಕ್’ ಎಂಬ ತಂತ್ರಾಂಶ. ಸೈಮನ್ ಕೆಲ್ಲಿ ಎಂಬವರು ಬರೆದು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟ ಈ ಪುಟ್ಟ ತಂತ್ರಾಂಶಕ್ಕೆ ಹೇಳಬೇಕಾದುದು ಐದಾರು ಸಾಲು ಮಾತ್ರ. ಬಂದು ಹೋಗುವವರಿಗೆ 100ರಿಂದ 199ರವರೆಗಿನ ಎಡೆಗಳು, ಅವಧಿ ಹನ್ನೆರಡು ಗಂಟೆ. ಹೊರಗೆ ಹೋಗುವ ಬಾಗಿಲು 1ನೆಯ ನಂಬರಿನ ರೌಟರು. ಈ ಸಾಲು ಬಹಳ ಮುಖ್ಯ. ಅದನ್ನು ಬರೆಯದಿದ್ದರೆ ತಂತ್ರಾಂಶ “ಬಾಗಿಲೂ ನಾನೇ” ಎಂದು ಎಲ್ಲರಿಗೂ ಹೇಳುತ್ತದೆ. ಎಡೆ ಸಿಕ್ಕೀತು, ಮನೆಯಿಂದ ಹೊರಗೆ ಕಾಲಿಡಲಾಗದು. ಮತ್ತೊಂದು ಸಾಲು, ಈ ಮನೆಯಲ್ಲಿ ಹಂಚುವ ಅಧಿಕಾರ ತನ್ನೊಬ್ಬನದೇ ಎಂದು ಸಾರುವುದು. ಹಳೆಯ ನಂಬರು ಹಿಡಿದು ವಾದಿಸುವವರಿಗೆ ಇದರಿಂದ ತಡವಿಲ್ಲದೆ ಉತ್ತರ ಸಿಗುತ್ತದೆ.

ಮೂರನೆಯದು ಕಾದಿರಿಸುವ ಸಾಲುಗಳು. ಪ್ರತಿಯೊಂದು ಯಂತ್ರಕ್ಕೂ ಹುಟ್ಟುಮಚ್ಚೆಯಂತೆ ಹನ್ನೆರಡು ಅಕ್ಷರಾಂಕಿಗಳ ಒಂದು ಗುರುತು ಇರುತ್ತದೆ; ಅದರ ಮೊದಲರ್ಧ ತಯಾರಿಸಿದವರ ಕುಲವನ್ನು ಹೇಳಿದರೆ ಉಳಿದರ್ಧ ಅದರ ಸ್ವಂತದ್ದು. ಈ ಗುರುತಿನವನು ಬಂದರೆ ಈ ನಂಬರೇ ಕೊಡು ಎಂದು ಬರೆದಿಟ್ಟರೆ ಮುಗಿಯಿತು. ಪ್ರಿಂಟರಿಗೆ 10, ಟೀವಿಗೆ 11. ಈಚಿನ ಫೋನುಗಳು ಮಾತ್ರ ಹೋದಲ್ಲೆಲ್ಲ ಗುರುತು ತೋರಿಸಿದರೆ ಯಾರಾದರೂ ಜಾಡು ಹಿಡಿದಾರೆಂಬ ಭಯದಿಂದ ಒಂದೊಂದು ಜಾಲಕ್ಕೂ ಒಂದೊಂದು ಹುಸಿ ಗುರುತನ್ನು ತೋರಿಸುತ್ತವೆ. ಸಂತೆಯಲ್ಲಿ ವೇಷ ಸರಿ, ಮನೆಯಲ್ಲಿ ಏಕೆ? ಅಮ್ಮನ ಫೋನಿನಲ್ಲಿ ಮಗ ಅದನ್ನು ನಮ್ಮ ಮನೆಯ ಮಟ್ಟಿಗೆ ತೆಗೆದುಹಾಕಿ, ನಿಜವಾದ ಗುರುತನ್ನು ಬರೆದುಕೊಂಡ. ನಾಲ್ಕನೆಯದಾಗಿ, ರೌಟರಿನ ಗುಂಡಿಯನ್ನು ‘ಹಂಚಬೇಡ’ ಎಂಬಲ್ಲಿಗೆ ತಿರುಗಿಸಿದೆವು. ಎರಡು ಕಡೆಯಿಂದ ಇಬ್ಬರು ಬಡಿಸಲು ಹೊರಟರೆ ಪಂಕ್ತಿಯ ಪಾಡು ಏನಾಗುವುದೆಂದು ಹೇಳಬೇಕಾಗಿಲ್ಲ. ಆಮೇಲೆ ಮನೆಯ ಯಂತ್ರಗಳನ್ನೆಲ್ಲ ಒಮ್ಮೆ ಆರಿಸಿ ಹೊತ್ತಿಸಿದ್ದಾಯಿತು.

ಸರ್ವರಿನ ದಿನಚರಿಯ ಪುಟ ತೆರೆಯ ಮೇಲೆ ಉರುಳತೊಡಗಿತು. ನನ್ನ ಹೆಂಡತಿಯ ಫೋನು ಮೊದಲು ಬಂತು: ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ನಾಲೆಜ್‌ಮೆಂಟ್, ಒಂದರ ಕೆಳಗೊಂದು ನಾಲ್ಕು ಸಾಲು. ಪುಸ್ತಕದಲ್ಲಿ ಓದಿದ ನಾಲ್ಕು ಮಾತುಗಳನ್ನು ಮನೆಯ ಯಂತ್ರವೇ ಆಡಿದ್ದನ್ನು ಕಂಡು ನನಗಾದ ಸಂತೋಷ, ಶಾಸನದ ಕಲ್ಲಿನ ಮೇಲೆ ಪಾಠದಲ್ಲಿದ್ದ ಸಾಲನ್ನೇ ಬೆರಳಿಂದ ಮುಟ್ಟಿದವನ ಸಂತೋಷ. “ರೀ, ಫೋನಿಗೆ ನಂಬರು ಬಂದದ್ದಕ್ಕೆ ಇಷ್ಟು ಸಂಭ್ರಮವೆ? ನಿನ್ನೆಯೂ ಬಂದಿತ್ತಲ್ಲ!” ಎಂದು ಅವಳು ನಕ್ಕಳು. ನಿನ್ನೆಯೂ ಬಂದಿತ್ತು, ನಿಜ. ಆದರೆ ನಿನ್ನೆ ಕೊಟ್ಟವನು ಯಾರೋ.

ಕಾದಿರಿಸುವ ಸಾಲಿನಲ್ಲಿ ಅವಧಿಯನ್ನೂ ಬೇರೆಯಾಗಿ ಹೇಳಬಹುದೆಂದು ಮಿತ್ರರು ತಿಳಿಸಿದರು. “ಅಜ್ಜಿಯ ಫೋನಿಗೆ ಎಷ್ಟು ಹಾಕೋಣ ಸಾರ್?” ಎಂದು ಕೇಳಿದರು. ‘ಇನ್‌ಫಿನಿಟ್’ ಎಂದು ಬರೆದರೆ ಗಡುವೇ ಇರುವುದಿಲ್ಲವಂತೆ; ಅರ್ಧಕ್ಕೆ ಬಂದು ಕೇಳುವ ಕೆಲಸವೂ ಇಲ್ಲ. ಹಾಗೆಯೇ ಬರೆಯಿರಿ ಎಂದೆ. ಯಂತ್ರದ ದೃಷ್ಟಿಯಿಂದ ಇದು ಅನಗತ್ಯವೆಂದೂ, ಹನ್ನೆರಡು ಗಂಟೆ ಸಾಕೆಂದೂ, ನಂಬರು ಹೇಗೂ ಬದಲಾಗುವುದಿಲ್ಲವೆಂದೂ ಅವರು ವಿವರಿಸಿದರು. ಅವರ ಮಾತು ಸರಿ. ಆದರೂ ಹಾಗೆಯೇ ಬರೆಯಿರಿ ಎಂದೆ.

ಅಮ್ಮನ ವಿಷಯವನ್ನು ಇನ್ನು ಸ್ವಲ್ಪ ಹೇಳಬೇಕು. ತಂದೆ ತೀರಿಕೊಂಡ ಮೇಲೆ ಹಳ್ಳಿಯ ಮನೆಗೆ ವರ್ಷವರ್ಷವೂ ಹೆಂಚು ಕೈಯಾಡಿಸುವವರಿಲ್ಲದೆ ಹೋಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಕುಸಿಯಿತು. ಈಗ ಅವಳು ನಾಲ್ಕು ತಿಂಗಳು ಬೆಂಗಳೂರಿನ ಅಣ್ಣನ ಮನೆಯಲ್ಲಿ, ನಾಲ್ಕು ತಿಂಗಳು ಶಿವಮೊಗ್ಗದ ಅಕ್ಕನ ಮನೆಯಲ್ಲಿ, ನಾಲ್ಕು ತಿಂಗಳು ನಮ್ಮಲ್ಲಿ. ಇದು ಯಾರೂ ಬರೆದು ಸಹಿ ಮಾಡಿದ ಕರಾರಲ್ಲ. ಮೂವರಿಗೂ ಪ್ರೀತಿಯಿದೆ, ಜಗಳವಿಲ್ಲ. ಆದರೂ ಎರಡು ತಿಂಗಳು ತುಂಬಿದೊಡನೆ ಅವಳು, “ಅಣ್ಣ ಯಾವಾಗ ಬರ್ತಾನಂತೆ?” ಎಂದು ಕೇಳಲಾರಂಭಿಸುತ್ತಾಳೆ. ಅಣ್ಣನ ಮನೆಯಲ್ಲಿದ್ದಾಗ ನನ್ನನ್ನು ಕೇಳುತ್ತಾಳಂತೆ. ಬಂದಾಗ ತಂದ ಟ್ರಂಕನ್ನು ಮಂಚದ ಕೆಳಗಿಟ್ಟಿರುತ್ತಾಳೆ, ಸೀರೆಗಳನ್ನು ಬೀರುವಿನಲ್ಲಿಡುವುದಿಲ್ಲ. ಬೇಕಾದುದನ್ನು ಟ್ರಂಕಿನಿಂದ ತೆಗೆದು, ಒಗೆದು ಮಡಿಸಿ ಮತ್ತೆ ಅಲ್ಲಿಯೇ ಇಡುತ್ತಾಳೆ. ಗೇಣಿಯ ಮನೆಗೆ ಸೊಸೆಯಾಗಿ ಹೋಗಿ, ಮೇಷ್ಟರ ವರ್ಗಾವಣೆಯ ಬೆನ್ನಿಗೆ ಐದಾರು ಊರು ಅಲೆದು, ತನ್ನದೆಂಬ ಮನೆಯಲ್ಲಿ ಕೆಲವು ಕಾಲ ಬಾಳಿ, ಅದೂ ಕೈಬಿಟ್ಟ ಹೆಂಗಸು. ಎಷ್ಟು ಹೊತ್ತಿಗೆ ಏಳಬೇಕೋ ಎಂದು ಎಲೆಯ ತುದಿಯಲ್ಲಿ ಕುಳಿತವಳ ರೀತಿ ಅದು. ಅರ್ಧಕ್ಕೆ ಬಂದು “ಇರಲೆ?” ಎಂದು ಕೇಳುವ ಯಂತ್ರಕ್ಕೆ ಅವಳು ‘ಪಾಪ’ ಎಂದದ್ದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಎಡೆ ಕೊಡುವ ಯಜಮಾನನ ಸ್ಥಿತಿಯೇನು ದೊಡ್ಡದಲ್ಲ. ನಾವಿರುವ ಮನೆಯ ಕರಾರು ಹನ್ನೊಂದು ತಿಂಗಳದು. ಒಂದು ವರ್ಷ ಮೀರಿದ ಗೇಣಿಪತ್ರವನ್ನು ನೋಂದಾಯಿಸಲೇಬೇಕೆಂದು 1908ರ ಕಾಯಿದೆ ಹೇಳುವುದರಿಂದ ಊರಿನ ಬಾಡಿಗೆ ಪತ್ರಗಳೆಲ್ಲ ಹನ್ನೊಂದಕ್ಕೇ ನಿಲ್ಲುತ್ತವೆ. ಅವಧಿ ಮುಗಿಯುವುದಕ್ಕೆ ಮೊದಲೇ ಹೋಗಿ ನಗುಮುಖದಿಂದ “ಇರಲೆ?” ಎಂದು ಕೇಳುವವರಲ್ಲಿ ನಾನೂ ಒಬ್ಬ. ಇಂಥವನು ಯಾರಿಗೋ ‘ಇನ್‌ಫಿನಿಟ್’ ಎಂದು ಬರೆದುಕೊಡುವುದರಲ್ಲಿ ಸ್ವಲ್ಪ ನಗೆಗೇಡು ಇಲ್ಲದಿಲ್ಲ. ಆದರೆ ಕೊಡುವುದಕ್ಕೆ ನೆಲದ ಒಡೆತನ ಬೇಕೆಂದೇನೂ ಇಲ್ಲ. ನಮ್ಮ ತಾತ ಗೇಣಿಯ ಮನೆಯಲ್ಲಿದ್ದಾಗಲೂ ರಾತ್ರಿಯ ಊಟಕ್ಕೆ ಒಂದು ಎಡೆಯನ್ನು ಹೆಚ್ಚಾಗಿಯೇ ಹಾಕಿಸುತ್ತಿದ್ದನಂತೆ, ದಾರಿಯಲ್ಲಿ ಹೋಗುವವರು ಬಂದರೆ ಇರಲಿ ಎಂದು.

ಕಾದಿರಿಸಿದ ವಿಳಾಸದ ಒಂದು ಗುಣ ನನಗೆ ಹಿಡಿಸಿದೆ. ಆ ಯಂತ್ರ ಮನೆಯಲ್ಲಿ ಇರಲಿ, ಇಲ್ಲದಿರಲಿ, ಆರಿಸಿ ಪೆಟ್ಟಿಗೆಯಲ್ಲಿಟ್ಟು ಶಿವಮೊಗ್ಗಕ್ಕೆ ಒಯ್ದಿರಲಿ, ಅದರ ನಂಬರನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ಮರಳಿ ಬಂದಾಗ ಹೊಸಬರಂತೆ ಬಾಗಿಲಲ್ಲಿ ಕೂಗಿದರೂ ಒಳಗಿನವನು ಗುರುತು ಹಿಡಿದು ಅದೇ ಎಡೆಯನ್ನು ತೋರಿಸುತ್ತಾನೆ. ಸರ್ವರಿನಲ್ಲಿ ಗೇಣಿಗಳ ಪಟ್ಟಿಯೊಂದಿರುತ್ತದೆ. ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಸಾಲಿನಲ್ಲಿಯೂ ಗಡುವು ಮುಗಿಯುವ ಗಳಿಗೆಯನ್ನು ಹತ್ತು ಅಂಕಿಗಳ ಉದ್ದದ ಸಂಖ್ಯೆಯಾಗಿ ಬರೆದಿರುತ್ತದೆ. ಅಮ್ಮನ ಸಾಲಿನಲ್ಲಿ ಆ ಜಾಗದಲ್ಲಿರುವುದು ಒಂದು ಸೊನ್ನೆ.

ಕಳೆದ ವಾರ ನನ್ನ ಹೆಂಡತಿ ಬೀರುವಿನ ಎರಡು ಅಟ್ಟಣಿಗೆಗಳನ್ನು ತೆರವು ಮಾಡಿ, ಹೊಸ ಕಾಗದ ಹಾಸಿ, “ಅತ್ತೆ, ಇದು ನಿಮ್ಮದು; ನೀವು ಊರಿಗೆ ಹೋದಾಗಲೂ ಇಲ್ಲಿ ಬೇರೆ ಏನೂ ಇಡುವುದಿಲ್ಲ” ಎಂದಳು. ಅಮ್ಮ ಆ ಜಾಗವನ್ನು ನೋಡಿ, “ಇಷ್ಟೆಲ್ಲ ಯಾಕೆ ತಾಯಿ, ನಾನು ಇರೋದು ಎಷ್ಟು ದಿನ?” ಎಂದು ಸುಮ್ಮನಾದಳು. ಈವರೆಗೆ ಅಲ್ಲಿಗೆ ಬಂದಿರುವುದು ಅವಳ ಔಷಧಿಯ ಡಬ್ಬಿ, ಒಂದು ಪಂಚಾಂಗ, ತಂದೆಯ ಕನ್ನಡಕ. ಸೀರೆಗಳು ಇನ್ನೂ ಟ್ರಂಕಿನಲ್ಲಿವೆ. ಮುಂದಿನ ತಿಂಗಳು ಅಣ್ಣ ಬರುತ್ತಾನೆ.